ಹಳದಿ ಮಣ್ಣಿನ ಊರಿನಿಂದ ಉತ್ತರ

ಎರಡು ತಿಂಗಳ ಹಿಂದೆ ಈ ಪತ್ರಿಕೆಯಲ್ಲಿ ನನ್ನದೊಂದು ಪುಟ್ಟ ಬರಹ ಬಂದಿತ್ತು. ಚೀನಾದ ಶಾನ್‌ಶಿ ಪ್ರಾಂತ್ಯದ ಶಿಯಾನ್ ನಗರದಲ್ಲಿ ಮಣ್ಣಿನ ವಿಜ್ಞಾನ ಓದುತ್ತಿದ್ದೇನೆ, ಬಿಡುವು ಸಿಕ್ಕಾಗ ಒಬ್ಬಳೇ ಊರೂರು ತಿರುಗುತ್ತೇನೆ ಎಂದು ಅದರಲ್ಲಿ ಬರೆದಿದ್ದೆ. ಧಾರವಾಡದ ಎರೆಮಣ್ಣಿನಲ್ಲಿ ಬೆಳೆದವಳು ನಾನು. 2023ರ ಸೆಪ್ಟೆಂಬರ್‌ನಲ್ಲಿ ಸ್ನಾತಕೋತ್ತರ ಪದವಿಗೆಂದು ಇಲ್ಲಿಗೆ ಬಂದೆ. ಇದು ಕೊನೆಯ ವರ್ಷ. ಬರಹ ಓದಿದವರು ಕಳಿಸಿದ ಪ್ರಶ್ನೆಗಳನ್ನು ಸಂಪಾದಕರು ನನಗೆ ತಲುಪಿಸಿದ್ದಾರೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳಿಗೆ ಚೀನಾದಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಿದೆ. ಮನೆ ಬಿಟ್ಟು ಒಂದು ರಾತ್ರಿಯೂ ಹೊರಗಿದ್ದವಳಲ್ಲ. ಅಲ್ಲಿ ಜ್ವರ ಬಂದರೆ ಯಾರು ನೋಡುತ್ತಾರೆ ಎನ್ನುವುದೇ ನನ್ನ ಚಿಂತೆ.
— ಗೃಹಿಣಿ, ಹಾವೇರಿ

ಉತ್ತರ: ಅಕ್ಕಾರೆ, ನನ್ನ ಅವ್ವ ಕೂಡ ಇದನ್ನೇ ಕೇಳಿದ್ದಳು. ಇಲ್ಲಿನ ಪ್ರತಿ ಹಾಸ್ಟೆಲ್ಲಿನ ನೆಲಮಹಡಿಯಲ್ಲಿ, ಬಾಗಿಲ ಪಕ್ಕದ ಮೇಜಿನ ಹಿಂದೆ ಒಬ್ಬ ಹೆಂಗಸು ಕೂತಿರುತ್ತಾರೆ. ಕೀಲಿ, ಕೊಠಡಿ, ಹೋಗುವವರು, ಬರುವವರು ಎಲ್ಲ ಅವರದೇ ಉಸ್ತುವಾರಿ. ಅವರನ್ನು ಎಲ್ಲರೂ ‘ಆಯಿ’ ಎಂದು ಕರೆಯುತ್ತಾರೆ. ಚೀನೀ ಭಾಷೆಯಲ್ಲಿ ಅದಕ್ಕೆ ಚಿಕ್ಕಮ್ಮ ಎಂಬ ಅರ್ಥ. ನಮ್ಮ ಮನೆಯಲ್ಲಿ ಅಜ್ಜಿಯನ್ನು ಆಯಿ ಎನ್ನುತ್ತೇವೆ. ಬಂದ ಮೊದಲ ದಿನ ಆ ಶಬ್ದ ಕಿವಿಗೆ ಬಿದ್ದಾಗ, ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟೆ.

ಮೊದಲ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಶಿಯಾನ್‌ನಲ್ಲಿ ಕಟ್ಟಡಗಳಿಗೆ ಬಿಸಿನೀರಿನ ಕೊಳವೆಗಳಿಂದ ಶಾಖ ಕೊಡುವುದು ನವೆಂಬರ್ 15ರಿಂದ ಮಾರ್ಚ್ 15ರವರೆಗೆ. ಅದಕ್ಕೆ ಮುಂಚಿನ ಒಂದೆರಡು ವಾರ ಕೊಠಡಿಯೊಳಗೇ ಮೈ ನಡುಗುತ್ತದೆ. ಆ ವಾರದಲ್ಲೇ ಮಲಗಿದೆ. ಎರಡು ಹೊತ್ತು ನಾನು ಕೆಳಗೆ ಇಳಿಯದ್ದನ್ನು ಕಂಡು ಆಯಿ ಮೇಲೆ ಬಂದು ಬಾಗಿಲು ಬಡಿದರು. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್, ಇನ್ನೊಂದರಲ್ಲಿ ಮುಚ್ಚಿದ ಡಬ್ಬಿ. ಡಬ್ಬಿಯಲ್ಲಿದ್ದದ್ದು ತೆಳ್ಳಗಿನ ಹಳದಿ ಗಂಜಿ. ಒಂದು ಗುಟುಕು ಕುಡಿದಾಗ ರುಚಿ ಗುರುತು ಸಿಕ್ಕಿತು: ನವಣೆ. ಇಲ್ಲಿ ಅದನ್ನು ‘ಶ್ಯಾವೊಮಿ’ ಎನ್ನುತ್ತಾರೆ, ಅಂದರೆ ಸಣ್ಣಕ್ಕಿ. ಕಾಯಿಲೆಯವರಿಗೂ ಬಾಣಂತಿಯರಿಗೂ ಉತ್ತರ ಚೀನಾದಲ್ಲಿ ಇದೇ ಪಥ್ಯ. ಉಪ್ಪಿಲ್ಲ, ಮಜ್ಜಿಗೆ ಇಲ್ಲ, ಆದರೂ ಅಂದು ಅದಕ್ಕಿಂತ ಹಿತವಾದದ್ದು ಬೇರೇನೂ ಇರಲಿಲ್ಲ.

ಮರುದಿನ ಆಸ್ಪತ್ರೆಗೂ ಅವರೇ ಜೊತೆಗೆ ಬಂದರು. ಇಲ್ಲಿ ಆಸ್ಪತ್ರೆ ಅಂದರೆ ಮೊದಲು ಹೆಸರು ನೋಂದಾಯಿಸಿ ಚೀಟಿ ಪಡೆಯಬೇಕು, ಡಾಕ್ಟರು ನೋಡಿದ ಮೇಲೆ ಹಣ ಕಟ್ಟಬೇಕು, ಕಟ್ಟಿದ ರಸೀದಿ ತೋರಿಸಿದರೆ ರಕ್ತ ತೆಗೆಯುತ್ತಾರೆ, ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಮೊದಲ ಸಲಕ್ಕೆ ಇದು ತಲೆಗೆ ಹತ್ತುವುದಿಲ್ಲ. ನಿಮ್ಮ ಮಗಳಿಗೆ ಒಂದು ಮಾತು ಹೇಳಿ: ಬಂದ ಮೊದಲ ವಾರವೇ ತನ್ನ ಕಟ್ಟಡದ ಆಯಿಯ ಹತ್ತಿರ ಹೋಗಿ ಹೆಸರು ಹೇಳಿ ಮಾತಾಡಿಸಲಿ. ದಿನಾ ಹೋಗುವಾಗ ಬರುವಾಗ ತಲೆಬಾಗಿಸಿ ನಕ್ಕರೂ ಸಾಕು. ಆಂಬುಲೆನ್ಸಿಗೆ 120, ಪೊಲೀಸರಿಗೆ 110. ಈ ಎರಡು ಸಂಖ್ಯೆ ಬಾಯಿಪಾಠವಾಗಲಿ.

ಪ್ರಶ್ನೆ: ತಿಂಗಳಿಗೆ ಎಷ್ಟು ದುಡ್ಡು ಬೇಕು? ವಿದ್ಯಾರ್ಥಿವೇತನದಲ್ಲೇ ಆಗುತ್ತದೆಯೇ?
— ಪದವಿ ವಿದ್ಯಾರ್ಥಿ, ರಾಯಚೂರು

ಉತ್ತರ: ಆಗುತ್ತದೆ ತಮ್ಮಾ. ಚೀನಾ ಸರ್ಕಾರದ ಪೂರ್ಣ ವಿದ್ಯಾರ್ಥಿವೇತನದಲ್ಲಿ ಶುಲ್ಕವೂ ಹಾಸ್ಟೆಲ್ಲೂ ಉಚಿತ. ಮೇಲೆ ಕೈಖರ್ಚಿಗೆ ಪದವಿಯವರಿಗೆ ತಿಂಗಳಿಗೆ 2500 ಯುವಾನ್, ಸ್ನಾತಕೋತ್ತರದವರಿಗೆ 3000, ಪಿಎಚ್.ಡಿ.ಯವರಿಗೆ 3500. ಒಂದು ಯುವಾನ್ ಅಂದರೆ ಸುಮಾರು 12–13 ರೂಪಾಯಿ ಎಂದು ಲೆಕ್ಕ ಹಿಡಿ. ಕ್ಯಾಂಟೀನಿನಲ್ಲಿ ಅನ್ನ, ಎರಡು ಪಲ್ಯಕ್ಕೆ ನಾನು 10 ಯುವಾನ್ ಆಸುಪಾಸು ಕೊಡುತ್ತೇನೆ. ಊಟ, ಫೋನು, ಮೆಟ್ರೊ, ಸೋಪು ಎಲ್ಲ ಸೇರಿ ತಿಂಗಳಿಗೆ 1600 ದಾಟಿದ್ದು ಕಡಿಮೆ. ಉಳಿದದ್ದರಲ್ಲಿ ರೈಲು ಹತ್ತುತ್ತೇನೆ.

ಎಡವುವುದು ಮೊದಲ ಎರಡು ತಿಂಗಳಲ್ಲಿ. ನೋಂದಣಿ ಆಗಿ, ಬ್ಯಾಂಕ್ ಖಾತೆ ತೆರೆದ ಮೇಲಷ್ಟೇ ಹಣ ಬರುತ್ತದೆ. ಅಷ್ಟರಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಬೇಕು. ದೇಶದೊಳಗೆ ಕಾಲಿಟ್ಟ 30 ದಿನದೊಳಗೆ ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು. ಒಂದು ವರ್ಷದೊಳಗಿನ ಪರವಾನಗಿಗೆ 400 ಯುವಾನ್ ಶುಲ್ಕ. ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಬಾ. ಹೊರಗೆ ಅರೆಕಾಲಿಕ ಕೆಲಸ ಮಾಡಿ ತುಂಬಿಸಿಕೊಳ್ಳುತ್ತೇನೆ ಎಂಬ ಯೋಚನೆ ಇದ್ದರೆ ಬಿಡು. ವಿಶ್ವವಿದ್ಯಾಲಯದ್ದೂ ವಲಸೆ ಕಚೇರಿಯದ್ದೂ ಅನುಮತಿ ಇಲ್ಲದೆ ದುಡಿಯುವುದು ಕಾನೂನುಬಾಹಿರ. ಸಿಕ್ಕಿಬಿದ್ದರೆ ಓದೇ ನಿಲ್ಲಬಹುದು.

ಪ್ರಶ್ನೆ: ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂದ ಮೇಲೆ ಚೀನೀ ಭಾಷೆ ಯಾಕೆ ಕಲಿಯಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಪಾಠಕ್ಕೆ ಬೇಡ, ಬದುಕುವುದಕ್ಕೆ ಬೇಕು. ಬಂದವರನ್ನು ನೋಡಿದ್ದೇನೆ. ಭಾಷೆ ಕಲಿಯದವರು ಮೂರು ವರ್ಷವೂ ಕೊಠಡಿ, ಕ್ಯಾಂಟೀನು, ಪ್ರಯೋಗಾಲಯ ಇಷ್ಟರೊಳಗೇ ಸುತ್ತಿ, ಮನೆಯ ನೆನಪಿನಲ್ಲಿ ಸೊರಗಿ ಹೋಗುತ್ತಾರೆ. ನನಗೆ ಅವರನ್ನು ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಮೊದಲ ಆರು ತಿಂಗಳು ನಾನೂ ಹಾಗೇ ಇದ್ದೆ. ಪ್ರಯೋಗಾಲಯದಲ್ಲಿ ಎಲ್ಲರೂ ನಗುತ್ತಿದ್ದರು, ಯಾತಕ್ಕೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

ಸ್ವರ ಕಷ್ಟ, ಒಪ್ಪುತ್ತೇನೆ. ‘ತಾಂಗ್’ ಎಂಬುದನ್ನು ಸಮಸ್ವರದಲ್ಲಿ ಎಳೆದರೆ ಸಾರು, ಮೇಲಕ್ಕೆ ಏರಿಸಿದರೆ ಸಕ್ಕರೆ. ‘ಮಾಯ್’ ತಗ್ಗಿಸಿ ಎತ್ತಿದರೆ ಕೊಳ್ಳುವುದು, ಗಕ್ಕನೆ ಇಳಿಸಿದರೆ ಮಾರುವುದು. ಆದರೆ ನಮಗೆ ಹತ್ತಿರವಾದದ್ದೂ ಇದೆ. ಒಬ್ಬರೇ ಮೇಷ್ಟ್ರ ಕೈಕೆಳಗೆ ಓದುವವರು ಇಲ್ಲಿ ಒಡಹುಟ್ಟಿದವರಂತೆ. ನನಗಿಂತ ಮೊದಲು ಸೇರಿದವಳು ‘ಶಿಜ್ಯೆ’, ಅಂದರೆ ಗುರುವಿನ ಕಡೆಯಿಂದ ಅಕ್ಕ. ಆಮೇಲೆ ಬಂದ ಹುಡುಗ ‘ಶಿದಿ’, ಗುರುವಿನ ಕಡೆಯಿಂದ ತಮ್ಮ. ಊಟದ ಹೊತ್ತಿನ ಸುತ್ತಮುತ್ತ ಎದುರಾದವರು ಕೇಳುವುದು ‘ಚಿ ಫಾನ್ ಲ ಮಾ’, ನಮ್ಮ ‘ಊಟ ಆಯ್ತಾ’ ಅಕ್ಷರಶಃ ಅದೇ. ಒಬ್ಬ ಶಿಜ್ಯೆಯ ಜೊತೆ ದಿನಾ ಅರ್ಧ ತಾಸು ಮಾತಾಡುತ್ತಾ ಒಂದೂವರೆ ವರ್ಷದಲ್ಲಿ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ನಾಲ್ಕನೇ ಹಂತ ಮುಗಿಸಿದೆ. ಸುಮಾರು 1200 ಶಬ್ದ. ಅಷ್ಟರಲ್ಲಿ ಇಡೀ ದೇಶ ಸುತ್ತಬಹುದು.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು ಅಲ್ಲಿ ಬದುಕಬಹುದೇ?
— ಶಿರಸಿಯ ಓದುಗರು, ಇನ್ನೂ ನಾಲ್ವರು

ಉತ್ತರ: ಬದುಕಬಹುದು, ಕೇಳಿ ಕೇಳಿ ತಿನ್ನಬೇಕು. ‘ವೊ ಚಿ ಸು’, ನಾನು ಸಸ್ಯಾಹಾರಿ, ಎಂದರೆ ಮಾಂಸದ ತುಂಡು ಹಾಕುವುದಿಲ್ಲ, ಆದರೆ ನೂಡಲ್ಸಿನ ಸಾರು ಎಲುಬು ಕುದಿಸಿದ್ದೇ ಇರುತ್ತದೆ. ಕೆಲವೆಡೆ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆ. ಹಾಗಾಗಿ ಸಾರಿಲ್ಲದ್ದನ್ನೇ ಆರಿಸಿ. ಶಿಯಾನ್‌ನ ‘ಲ್ಯಾಂಗ್‌ಪಿ’ ನನ್ನ ಪಾಲಿನ ಅನ್ನಪೂರ್ಣೆ: ಹಿಟ್ಟನ್ನು ತೆಳ್ಳಗೆ ಹಬೆಯಲ್ಲಿ ಬೇಯಿಸಿ, ಆರಿಸಿ, ಅಗಲ ಪಟ್ಟಿಯಾಗಿ ಕತ್ತರಿಸಿ, ಸವತೆಕಾಯಿ, ಮೊಳಕೆಕಾಳು, ವಿನೆಗರ್, ಕೆಂಪು ಮೆಣಸಿನೆಣ್ಣೆ ಹಾಕಿ ಕಲಸಿಕೊಡುತ್ತಾರೆ. ಆಲೂಗಡ್ಡೆ, ಬದನೆ, ದೊಣ್ಣೆಮೆಣಸು ಹುರಿದು ಮಾಡುವ ‘ದಿ ಸಾನ್ ಶ್ಯೆನ್’ ಎಲ್ಲ ಕ್ಯಾಂಟೀನಿನಲ್ಲೂ ಇರುತ್ತದೆ. ಬೌದ್ಧ ದೇವಾಲಯಗಳ ಸುತ್ತಮುತ್ತ ಪೂರ್ತಿ ಸಸ್ಯಾಹಾರಿ ಹೋಟೆಲು ಹುಡುಕಿ.

ಶಿರಸಿಯವರಿಗೆ ಇನ್ನೊಂದು ಹೇಳಲೇಬೇಕು. ಸಿಚುವಾನ್ ಪ್ರಾಂತ್ಯದ ಅಡುಗೆಯಲ್ಲಿ ನಾಲಗೆಯನ್ನು ಜುಮ್ಮೆನ್ನಿಸುವ ‘ಹ್ವಾಜ್ಯಾವ್’ ಎಂಬ ಕಾಳಿದೆ. ನಿಮ್ಮ ಕಡೆಯ ಜುಮ್ಮನಕಾಯಿಯ ದಾಯಾದಿ ಅದು, ಒಂದೇ ಕುಲದ ಗಿಡ. ಮೊಸರಿನ ಮಾತು: ಅಂಗಡಿಯ ಮೊಸರಿನಲ್ಲಿ ಹೆಚ್ಚಿನದಕ್ಕೆ ಸಕ್ಕರೆ ಹಾಕಿರುತ್ತಾರೆ. ಸಕ್ಕರೆ ಇಲ್ಲದ ಒಂದು ಡಬ್ಬಿ ತಂದು, ಅದನ್ನೇ ಹೆಪ್ಪಾಗಿ ಬಳಸಿ, ಹಾಸ್ಟೆಲ್ಲಿನ ಸಾಮೂಹಿಕ ಅಡುಗೆಮನೆಯಲ್ಲಿ ವಾರಕ್ಕೆರಡು ಸಲ ಹೆಪ್ಪು ಹಾಕುತ್ತೇನೆ. ತೊಗರಿಬೇಳೆ, ಸಾಸಿವೆ ಊರಿಂದಲೇ ತನ್ನಿ. ಸಂಜೆಯ ಊಟ ಐದೂವರೆಗೆಲ್ಲ ಶುರುವಾಗಿ, ಏಳಕ್ಕೆ ಕ್ಯಾಂಟೀನಿನ ಪಾತ್ರೆಗಳೆಲ್ಲ ಖಾಲಿ. ನನಗೆ ರುಚಿಗಿಂತ ಇದಕ್ಕೆ ಹೊಂದಿಕೊಳ್ಳುವುದೇ ಕಷ್ಟವಾಯಿತು.

ಪ್ರಶ್ನೆ: ಮನೆಯವರ ಜೊತೆ ಮಾತಾಡುವುದು ಹೇಗೆ? ವಾಟ್ಸ್‌ಆ್ಯಪ್ ನಡೆಯುವುದಿಲ್ಲವಂತೆ.
— ನಿವೃತ್ತ ಶಿಕ್ಷಕರು, ಪುತ್ತೂರು

ಉತ್ತರ: ನಿಜ ಸರ್. ಇಲ್ಲಿನ ವೈಫೈನಲ್ಲೂ ಇಲ್ಲಿನ ಸಿಮ್‌ನಲ್ಲೂ ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ಇಲ್ಲಿಯವರ ವೀಚಾಟ್ 2020ರ ಜೂನ್‌ನಿಂದ ಭಾರತದಲ್ಲಿ ನಿಷಿದ್ಧ. ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಕೊಂಡರೆ ಅದರ ಡೇಟಾದಲ್ಲಿ ವಾಟ್ಸ್‌ಆ್ಯಪ್ ನಡೆಯುತ್ತದೆ. ನಾನು ಭಾನುವಾರಕ್ಕೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದು. ಅವ್ವ ಸಂಜೆಯ ದೀಪ ಹಚ್ಚುವ ಹೊತ್ತಿಗೆ ನಾನು ಹಾಸಿಗೆ ಹಾಸುತ್ತಿರುತ್ತೇನೆ. 2020ರಿಂದ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗಿವೆ. ಅವ್ವನಿಗೆ ಅದು ದೊಡ್ಡ ಧೈರ್ಯ.

ಪ್ರಶ್ನೆ: ಮಗನನ್ನು ಎಂಬಿಬಿಎಸ್‌ಗೆ ಕಳಿಸಬಹುದೇ?
— ಒಬ್ಬ ತಂದೆ, ವಿಜಯಪುರ

ಉತ್ತರ: ಏಜೆಂಟರ ಮಾತಿಗಿಂತ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಓದಿಸಿ. ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ, ಇವೆಲ್ಲ ಕಡ್ಡಾಯ. ಪಾಠ ಇಂಗ್ಲಿಷಿನಲ್ಲಿ ಇದ್ದರೂ ವಾರ್ಡಿನಲ್ಲಿ ಮಲಗಿದ ರೋಗಿ ಮಾತಾಡುವುದು ಚೀನೀ ಭಾಷೆಯನ್ನೇ.

ಪ್ರಶ್ನೆ: ಒಬ್ಬರೇ ತಿರುಗುವವರು ಮೊದಲು ಎಲ್ಲಿಗೆ ಹೋಗಬೇಕು? ಟಿಕೆಟ್, ರೈಲು ಎಲ್ಲ ಹೇಗೆ?
— ಕಾಲೇಜು ಉಪನ್ಯಾಸಕಿ, ಮೈಸೂರು

ಉತ್ತರ: ರೈಲ್ವೆಯ ಆ್ಯಪ್‌ನ ಹೆಸರೇ 12306. ಪಾಸ್‌ಪೋರ್ಟ್ ಹಾಕಿ ನೋಂದಾಯಿಸಿಕೊಂಡರೆ ಹೊರಡುವ 15 ದಿನ ಮುಂಚೆಯಿಂದ ಟಿಕೆಟ್ ಸಿಗುತ್ತದೆ. ಕಾಗದದ ಟಿಕೆಟ್ ಬೇಕಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆ, ಚೀನೀ ಹೊಸವರ್ಷದ ಆಸುಪಾಸಿನ 40 ದಿನ ಊರು ಬಿಡಬೇಡಿ. ಇಡೀ ದೇಶವೇ ರೈಲಿನಲ್ಲಿರುತ್ತದೆ. ಟಿಬೆಟ್ಟಿಗೆ ವಿದೇಶಿಯರು ಒಬ್ಬರೇ ಹೋಗುವಂತಿಲ್ಲ, ವಿಶೇಷ ಪರವಾನಗಿಯೂ ಗೈಡೂ ಬೇಕು.

ಸಂಖ್ಯೆಯ ಮೊದಲಿಗೆ ಜಿ ಅಕ್ಷರ ಇರುವ ವೇಗದ ರೈಲು ಚೆನ್ನಾಗಿದೆ, ಆದರೆ ಅದರಲ್ಲಿ ಯಾರೂ ಮಾತಾಡುವುದಿಲ್ಲ. ಮನುಷ್ಯರು ಸಿಗುವುದು ಹಳೆಯ ರಾತ್ರಿ ರೈಲಿನಲ್ಲಿ. ನಾನು ಮೊದಲು ಒಬ್ಬಳೇ ಹೋದದ್ದು ಗಾನ್ಸು ಪ್ರಾಂತ್ಯದ ದುನ್‌ಹುವಾಂಗ್‌ಗೆ. ಶಿಯಾನ್‌ನಿಂದ ಲಾನ್‌ಝೌವರೆಗೆ ವೇಗದ ರೈಲು, ಅಲ್ಲಿಂದ ರಾತ್ರಿಯ ‘ಯಿಂಗ್‌ವೋ’, ಅಂದರೆ ಗಟ್ಟಿ ಮಲಗುಬೋಗಿ. ಒಂದರ ಮೇಲೊಂದು ಮೂರು ಹಾಸು, ಬಾಗಿಲಿಲ್ಲ. ನನ್ನದು ನಡುವಿನದು. ಕೆಳಗಿನ ಹಾಸಿನ ಅಜ್ಜಿ ಸೂರ್ಯಕಾಂತಿ ಬೀಜ ಬಿಡಿಸುತ್ತಾ ಕೂತಿದ್ದರು. ಹತ್ತು ನಿಮಿಷದಲ್ಲಿ ವಯಸ್ಸೆಷ್ಟು, ಮದುವೆ ಆಯಿತಾ, ಮನೆಯಲ್ಲಿ ಎಷ್ಟು ಜನ, ಅಪ್ಪ ಏನು ಮಾಡುತ್ತಾರೆ ಎಲ್ಲ ಕೇಳಿ ಮುಗಿಸಿ, ಬೇಯಿಸಿದ ಮೊಟ್ಟೆ ಮುಂದಿಟ್ಟರು. ತಿನ್ನುವುದಿಲ್ಲ ಎಂದಾಗ ಬೇಸರ ಮಾಡಿಕೊಳ್ಳದೆ ಬೀಜವನ್ನು ಬೊಗಸೆ ತುಂಬ ಸುರಿದರು. ಬೋಗಿಯ ತುದಿಯಲ್ಲಿ ಕುದಿಯುವ ನೀರಿನ ನಲ್ಲಿ ಇರುತ್ತದೆ, ಚಹಾಪುಡಿ ತಂದಿದ್ದರೆ ಸಾಕು. ರಾತ್ರಿ ಹತ್ತಕ್ಕೆ ದೀಪ ಆರಿತು. ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯಾಚೆ ಗೋಬಿ ಮರುಭೂಮಿಯ ಬೂದುಬಣ್ಣದ ಕಲ್ಲುನೆಲ, ಒಂದು ಗಿಡವೂ ಇಲ್ಲ.

ದುನ್‌ಹುವಾಂಗ್‌ನ ಮೊಗಾವೊ ಗುಹೆಗಳನ್ನು ಕೊರೆಯಲು ಶುರುಮಾಡಿದ್ದು ಕ್ರಿ.ಶ. 366ರಲ್ಲಿ ಎಂದು ಹೇಳುತ್ತಾರೆ. ಒಟ್ಟು 735 ಗುಹೆ, ಅವುಗಳಲ್ಲಿ 492ರಲ್ಲಿ ಚಿತ್ರಗಳಿವೆ. ಟಿಕೆಟ್ ಮುಂಚೆಯೇ ಕಾದಿರಿಸಬೇಕು. ನಾನು ಹೋದಾಗ 238 ಯುವಾನ್ ಕೊಟ್ಟೆ. ಎಂಟು ಗುಹೆ ತೋರಿಸಿದರು. ಒಳಗೆ ದೀಪವಿಲ್ಲ, ಫೋಟೊ ತೆಗೆಯುವಂತಿಲ್ಲ. ಗೈಡಿನ ಕೈಯ ಟಾರ್ಚು ಎಲ್ಲಿ ಬೀಳುತ್ತದೋ ಅಷ್ಟೇ ಕಾಣುತ್ತದೆ. ಒಂದು ಕಡೆ ಗೋಡೆಯ ಮೂಲೆಯಲ್ಲಿ ಬಣ್ಣ ಉದುರಿತ್ತು. ಟಾರ್ಚು ಅದರ ಮೇಲೆ ಹಾದಾಗ ಒಳಗಿನ ಮಣ್ಣೂ ಅದರಲ್ಲಿ ಹುಲ್ಲಿನ ಎಳೆಗಳೂ ಕಂಡವು. ಅಲ್ಲಿಯ ಬೆಟ್ಟ ಉರುಟುಕಲ್ಲು, ಮರಳು ಅಂಟಿಕೊಂಡು ಆದದ್ದು. ಬಾದಾಮಿಯಂತೆ ಬಂಡೆಯಲ್ಲೇ ಮೂರ್ತಿ ಕಡೆಯಲು ಬರುವುದಿಲ್ಲ. ಅದಕ್ಕೇ ಮರದ ಚೌಕಟ್ಟಿಗೆ ಹುಲ್ಲು ಸುತ್ತಿ, ಮಣ್ಣು ಮೆತ್ತಿ ಬುದ್ಧನನ್ನು ಮಾಡಿದರು. ಗೋಡೆಗೆ ಹುಲ್ಲು ಬೆರೆಸಿದ ಕೆಸರು ಬಳಿದು ಅದರ ಮೇಲೆ ಚಿತ್ರ ಬರೆದರು. ನಮ್ಮ ಅಜ್ಜನ ಮನೆಯ ಗೋಡೆಗೂ ಹೊಟ್ಟು ಕಲಸಿದ ಮಣ್ಣನ್ನೇ ಮೆತ್ತಿದ್ದರು. ಸಾವಿರ ವರ್ಷದ ಚಿತ್ರವನ್ನು ಹಿಡಿದು ನಿಲ್ಲಿಸಿದ್ದು ಆ ಕೆಸರು. ಉಳಿದವರು ಮುಂದಿನ ಗುಹೆಗೆ ಹೋದರೂ ನನಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

ಪ್ರಶ್ನೆ: ಒಬ್ಬಂಟಿ ಹೆಣ್ಣುಮಗಳಾಗಿ ತೊಂದರೆ ಆದದ್ದೇ ಇಲ್ಲವೇ? ನಿಜ ಹೇಳಿ.
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಉತ್ತರ: ಆಗಿದೆ. ಬಂದು ಎರಡನೇ ತಿಂಗಳೂ ತುಂಬದ ಹೊತ್ತು, 2023ರ ಅಕ್ಟೋಬರ್ ಕೊನೆ. ಶಿಯಾನ್‌ನ ಉತ್ತರಕ್ಕೆ ಯಾನ್‌ಆನ್ ಕಡೆ ಲುವೊಚುವಾನ್ ಎಂಬ ಊರಿದೆ, ಸೇಬಿಗೆ ಹೆಸರಾದದ್ದು. ಮಣ್ಣು ಓದುವವರಿಗೆ ಅದು ಯಾತ್ರಾಸ್ಥಳ. ವಾಯುವ್ಯದ ಮರುಭೂಮಿಗಳಿಂದ ಗಾಳಿ ಹೊತ್ತು ತಂದ ಹಳದಿ ಧೂಳು, ‘ಹುವಾಂಗ್‌ತು’, ಇಪ್ಪತ್ತು ಲಕ್ಷಕ್ಕೂ ಹೆಚ್ಚು ವರ್ಷ ಬಿದ್ದು ಬಿದ್ದು ಅಲ್ಲಿ ನೂರು ಮೀಟರಿಗೂ ಮೀರಿದ ದಪ್ಪದಲ್ಲಿ ನಿಂತಿದೆ. ದುನ್‌ಹುವಾಂಗ್‌ಗಿಂತ ಮೊದಲೇ ಅಲ್ಲಿಗೆ ಹೋಗಿದ್ದೆ. ಆದರೆ ಅಧ್ಯಯನಕ್ಕೆಂದು ಹೋದದ್ದನ್ನು ತಿರುಗಾಟದ ಲೆಕ್ಕಕ್ಕೆ ಸೇರಿಸಿಲ್ಲ.

ಬಸ್ಸಿನಿಂದ ಇಳಿದಾಗ ಕತ್ತಲಾಗಿತ್ತು. ಫೋನಿನಲ್ಲಿ ಹಣ ಕಟ್ಟಿ ಕಾದಿರಿಸಿದ್ದ ಲಾಡ್ಜಿನವರು ಪಾಸ್‌ಪೋರ್ಟ್ ನೋಡಿ ತಲೆ ಅಲ್ಲಾಡಿಸಿದರು. ತಂಗುವ ವಿದೇಶಿಯರ ವಿವರವನ್ನು ಪೊಲೀಸರಿಗೆ ದಾಖಲಿಸಬೇಕು. ಅವರಿಗೆ ಅದು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಹಣ ವಾಪಸು ಕೊಟ್ಟರು, ಆದರೆ ಆ ಹೊತ್ತಿನಲ್ಲಿ ಹೊರಗೆ ಕಳಿಸಿದರಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ. ಬೀದಿಯಲ್ಲಿ ನಿಂತು ಅತ್ತೆ. ಎದುರು ಒಬ್ಬ ಹೆಂಗಸು ಬಲ್ಬಿನ ಬೆಳಕಿನಲ್ಲಿ ಸೇಬುಗಳನ್ನು ಒಂದೊಂದಾಗಿ ಒರೆಸಿ, ಬಲೆಯ ತೋಳು ತೊಡಿಸಿ, ಪೆಟ್ಟಿಗೆಗೆ ತುಂಬುತ್ತಿದ್ದರು. ಅವರು ಕೈಕೆಲಸ ನಿಲ್ಲಿಸಿ ಬಂದರು. ನನಗೆ ಆಗ ಬರುತ್ತಿದ್ದದ್ದು ಮೂವತ್ತು ಶಬ್ದ. ಫೋನಿನ ಅನುವಾದ ತೋರಿಸಿದೆ. ಅವರು ಓದಿ, ಬಾ ಎಂದು ಕೈ ಬೀಸಿ, ಮೂರು ಗಾಲಿಯ ಎಲೆಕ್ಟ್ರಿಕ್ ಗಾಡಿಯ ಹಿಂದೆ ಪೆಟ್ಟಿಗೆಗಳ ನಡುವೆ ನನ್ನನ್ನು ಕೂರಿಸಿಕೊಂಡು ಪೊಲೀಸ್ ಠಾಣೆಗೆ ಕರೆದೊಯ್ದರು. ಅಲ್ಲಿಯ ಪೇದೆ ನನ್ನ ಕಾಗದಗಳನ್ನು ನೋಡಿ, ಎರಡು ಕಡೆ ಫೋನ್ ಮಾಡಿ, ವಿದೇಶಿಯರನ್ನು ಇಟ್ಟುಕೊಳ್ಳುವ ಹೋಟೆಲಿಗೆ ತಲುಪಿಸಿದರು. ಆ ಹೆಂಗಸು ಚೀಲಕ್ಕೆ ಆರು ಸೇಬು ಹಾಕಿದರು. ದುಡ್ಡು ತೆಗೆದರೆ ನನ್ನ ಮುಷ್ಟಿಯನ್ನೇ ಮಡಚಿ ಹಿಂದಕ್ಕೆ ತಳ್ಳಿದರು. ಅವರ ಹೆಸರು ಕೇಳುವಷ್ಟು ಭಾಷೆಯೂ ನನಗೆ ಇರಲಿಲ್ಲ. ಆ ಕೊರಗಿನಿಂದಲೇ ನಾನು ಚೀನೀ ಭಾಷೆಗೆ ಮನಸ್ಸು ಕೊಟ್ಟದ್ದು.

ಮರುದಿನ ಕಣಿವೆಗೆ ಇಳಿದೆ. ಗೋಡೆಯಂತೆ ನಿಂತ ಮಣ್ಣಿನಲ್ಲಿ ಒಂದು ಹಳದಿ ಪದರ, ಒಂದು ಕೆಂಪು ಪದರ, ಮತ್ತೆ ಹಳದಿ, ಮತ್ತೆ ಕೆಂಪು. ಹಳದಿ ಅಂದರೆ ಚಳಿಯ, ಒಣ ಕಾಲ; ಕೆಂಪು ಅಂದರೆ ಮಳೆ ಬಂದು ಹುಲ್ಲು ಬೆಳೆದ ಬೆಚ್ಚನೆಯ ಕಾಲ. ಈ ಪದರಗಳಲ್ಲಿ ಹವಾಮಾನದ ಇತಿಹಾಸ ಓದಿ ತೋರಿಸಿದವರು ಲ್ಯೂ ದೊಂಗ್‌ಶೆಂಗ್, ಪರಿಸರ ವಿಜ್ಞಾನಕ್ಕೆ ಕೊಡುವ ಟೈಲರ್ ಪ್ರಶಸ್ತಿಯನ್ನು 2002ರಲ್ಲಿ ಪಡೆದ ಚೀನೀ ವಿಜ್ಞಾನಿ. ಬೆರಳಿನಿಂದ ಒತ್ತಿದೆ. ಎರೆಮಣ್ಣಿನಂತೆ ಅಂಟಲಿಲ್ಲ, ಗೋಧಿಹಿಟ್ಟಿನಂತೆ ಬೆರಳಿಗೆ ಬಂತು.

ಇಂಥ ಪಾಡು ನಿಮಗೆ ಬರದಿರಲು: ಕಾದಿರಿಸುವ ಮುಂಚೆ ಫೋನ್ ಮಾಡಿ, ವಿದೇಶಿಯರನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿ. ವಿದೇಶಿಯರು ಎಂಬ ಕಾರಣಕ್ಕೆ ನಿರಾಕರಿಸಬಾರದೆಂದು 2024ರಲ್ಲಿ ಸರ್ಕಾರವೇ ಸೂಚನೆ ಕೊಟ್ಟಿದೆ. ಸಣ್ಣ ಊರುಗಳಲ್ಲಿ ಆದರೂ ಕೇಳಿಯೇ ಹೋಗಿ. ಕತ್ತಲಿಗೆ ಮುಂಚೆ ಊರು ಸೇರಿ. ಗೆಳತಿಯ ಮನೆಯಲ್ಲಿ ಉಳಿದರೆ 24 ತಾಸಿನೊಳಗೆ ಠಾಣೆಯಲ್ಲಿ ನೋಂದಣಿ ನಿಮ್ಮದೇ ಹೊಣೆ. ಮೈಮೇಲೆ ಕೈ ಹಾಕುವ, ಹಿಂಬಾಲಿಸುವ ಕಾಟ ನನಗೆ ಎಲ್ಲೂ ಆಗಿಲ್ಲ. ಕೇಳದೆ ಫೋಟೊ ತೆಗೆಯುವವರು ಮಾತ್ರ ಬಹಳ. ಬೇಡ ಎಂದು ಗಟ್ಟಿಯಾಗಿ ಹೇಳಿದರೆ ನಿಲ್ಲಿಸುತ್ತಾರೆ.

ಪ್ರಶ್ನೆ: ಅಕ್ಕಾ, ಅಲ್ಲಿ ಯಾರಿಗಾದರೂ ನಮ್ಮ ಊರು ಗೊತ್ತಿದೆಯಾ?
— ಪ್ರೌಢಶಾಲೆ ವಿದ್ಯಾರ್ಥಿನಿ, ಬಾದಾಮಿ

ಉತ್ತರ: ತಂಗಿ, ನಿನ್ನ ಚರಿತ್ರೆ ಪುಸ್ತಕದಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಇರುತ್ತಲ್ಲ, ಆತ ಹೊರಟದ್ದು ನಾನಿರುವ ಈ ಊರಿನಿಂದ, ಮರಳಿದ್ದೂ ಇಲ್ಲಿಗೇ. ಇಲ್ಲಿ ಶ್ವಾನ್‌ಜಾಂಗ್ ಎನ್ನುತ್ತಾರೆ. 645ರಲ್ಲಿ ಹಿಂದಿರುಗುವಾಗ 657 ಗ್ರಂಥಗಳನ್ನು ತಂದ. ಅವನ್ನು ಕಾಪಾಡಲೆಂದು 652ರಲ್ಲಿ ಕಟ್ಟಿದ ದೊಡ್ಡ ಹಂಸ ಗೋಪುರ ನನ್ನ ಹಾಸ್ಟೆಲ್ಲಿನಿಂದ ಮೆಟ್ರೊದಲ್ಲಿ ಸ್ವಲ್ಪವೇ ದೂರ. ಮುಂದಿನ ಚೌಕದಲ್ಲಿ ಕೋಲು ಹಿಡಿದು ನಿಂತ ಆತನ ಮೂರ್ತಿ ಇದೆ. ನಿನ್ನ ಊರಿನಿಂದ ಆಳಿದ ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ, ಹರ್ಷನಿಗೂ ಮಣಿಯದ ಅಲ್ಲಿಯ ಜನರ ಬಗ್ಗೆ, ಉಪಕಾರ ಮಾಡಿದವರನ್ನು ಅವರು ಮರೆಯುವುದಿಲ್ಲ ಎಂದು ಆತ ಬರೆದಿಟ್ಟಿದ್ದಾನೆ.

ಇದನ್ನು ನಮ್ಮ ಆಯಿಗೆ ಹೇಳಿದೆ. ಅವರಿಗೆ ಶ್ವಾನ್‌ಜಾಂಗ್ ಚಿಕ್ಕಂದಿನಿಂದ ಗೊತ್ತು, ಪುಲಕೇಶಿ ಗೊತ್ತಿರಲಿಲ್ಲ. ಬಾದಾಮಿಯ ಕೆಂಪು ಬಂಡೆ, ಅಗಸ್ತ್ಯತೀರ್ಥ, ದಡದ ಗುಡಿ ಇರುವ ಫೋಟೊ ಅಚ್ಚು ಹಾಕಿಸಿ ಕೊಟ್ಟೆ. ಮೇಜಿನ ಗಾಜಿನ ಕೆಳಗೆ, ಕೊಠಡಿ ಕೀಲಿಗಳ ಪಟ್ಟಿಯ ಪಕ್ಕ ಇಟ್ಟುಕೊಂಡಿದ್ದಾರೆ. ಮೊನ್ನೆ ಅದರ ಮೇಲೆ ಬೆರಳಿಟ್ಟು, ಈ ಕೆರೆಯಲ್ಲಿ ಬೇಸಿಗೆಗೂ ನೀರು ನಿಲ್ಲುತ್ತದಾ ಎಂದು ಕೇಳಿದರು. ಈ ವರ್ಷ ಮೇ ತಿಂಗಳಲ್ಲಿ ಎಷ್ಟು ನೀರಿದೆ ನೋಡಿ ಬರೆದು ಕಳಿಸು ತಂಗಿ, ಅವರಿಗೆ ಹೇಳಬೇಕು.